ಔಷಧಿಗೆ ಮಾತ್ರ

ನಾನು ನಿವೃತ್ತಳಾಗಿದ್ದು ನಮ್ಮ ಪಕ್ಕದ ಮನೆಯ ಮಹಾಬಲಣ್ಣನಿಗೆ ಇನ್ನೂ ಸರಿಹೋಗಿಲ್ಲ. ಸಾಗರದ ನಮ್ಮ ಬೀದಿಯಲ್ಲಿ ಬೆಳಿಗ್ಗೆ ಹಾಲು ತರಲು ಹೊರಟಾಗ ಎದುರು ಸಿಕ್ಕರೆ ಅದೇ ಪ್ರಶ್ನೆ. "ತಂಗಿ, ನಿನ್ನ ಔಷಧಿ ಎಂತ ಆತು? ಎಂಗೊ ಎಲ್ಲ ಕಾಯ್ತಾ ಇದ್ಯ."

"ನಂದು ಮನುಷ್ಯರ ಔಷಧಿ, ಮಹಾಬಲಣ್ಣ. ಅಡಿಕೆದಲ್ಲ."

"ಮನುಷ್ಯರಿಗೆ ಔಷಧಿ ಮಾಡಕ್ಕೆ ಬೇಕಾದಷ್ಟು ಜನ ಇದ್ದ. ಅಡಿಕೆ ಮರಕ್ಕೆ ಯಾರು ಇದ್ದ?" ಎಂದು ಅವರು ಬೇಸರದಿಂದ ತಲೆ ಆಡಿಸಿ ಮುಂದೆ ಹೋಗುತ್ತಾರೆ.

ಅವರದ್ದೇನೂ ತಪ್ಪಿಲ್ಲ. ನಾನು ಕೆಲಸ ಮಾಡಿದ್ದು ತಾಮ್ರ, ಸತು, ನಿಕಲ್ ಇಂಥ ಲೋಹಗಳ ಮೇಲೆ. ಅವುಗಳನ್ನು ಬೇರೆ ಬೇರೆ ವಸ್ತುಗಳ ಜೊತೆ ಕೂಡಿಸಿ, ಹುಟ್ಟಿದ ಸಂಯುಕ್ತ ರೋಗಾಣುವನ್ನು ಕೊಲ್ಲುತ್ತದೆಯೇ, ಕ್ಯಾನ್ಸರ್ ಕೋಶವನ್ನು ತಡೆಯುತ್ತದೆಯೇ ಎಂದು ನೋಡುವುದು ನನ್ನ ಕಸುಬು. ಆದರೆ ನಮ್ಮ ಕಡೆ ತಾಮ್ರ ಎಂಬ ಮಾತೂ ಔಷಧಿ ಎಂಬ ಮಾತೂ ಒಟ್ಟಿಗೆ ಬಂದರೆ ಅದಕ್ಕೆ ಒಂದೇ ಅರ್ಥ. ಮೈಲುತುತ್ತ ಎಂಬ ತಾಮ್ರದ ನೀಲಿ ಉಪ್ಪನ್ನು ಕರಗಿಸಿ, ಸುಣ್ಣ ಸೇರಿಸಿ, ಮಳೆಗಾಲದಲ್ಲಿ ಅಡಿಕೆ ಗೊನೆಗೆ ಕೊಳೆರೋಗ ಬಾರದಂತೆ ಹೊಡೆಯುತ್ತಾರಲ್ಲ, ಅದು. ಜ್ವರಕ್ಕೆ ತೆಗೆದುಕೊಳ್ಳುವುದು ಮಾತ್ರೆ. ಕೆಮ್ಮಿಗೆ ಕುಡಿಯುವುದು ಟಾನಿಕ್ಕು. ಔಷಧಿ ಅಂದರೆ ಮರಕ್ಕೆ ಹೊಡೆಯುವುದು. ಈ ಒಂದು ಪದ ನನ್ನ ವೃತ್ತಿಯುದ್ದಕ್ಕೂ ನನ್ನ ಸೆರಗು ಹಿಡಿದು ಬಂತು. ಒಮ್ಮೆಯಂತೂ ನನ್ನ ವಿದ್ಯಾರ್ಥಿನಿಯೊಬ್ಬಳ ನೌಕರಿಯನ್ನೇ ನುಂಗಿತು. ಅದನ್ನು ಹೇಳಲಿಕ್ಕೇ ಕೂತಿದ್ದೇನೆ.

ಈಗ ಈ ಕೆಲಸಕ್ಕೆ ಸೇರುತ್ತಿರುವ ಮಕ್ಕಳು "ಏನಾದರೂ ಬರೆದುಕೊಡಿ ಮೇಡಂ" ಎಂದು ದುಂಬಾಲು ಬಿದ್ದರು. ನನಗೆ ಯಾವಾಗ ಯಾವ ಹುದ್ದೆ ಸಿಕ್ಕಿತು ಎನ್ನುವುದು ಪೆನ್ಷನ್ ಕಚೇರಿಯವರನ್ನು ಬಿಟ್ಟರೆ ಯಾರಿಗೂ ಬೇಕಾಗಿಲ್ಲ, ಅದನ್ನು ಬಿಡುತ್ತೇನೆ. ಮೊದಲೇ ಒಂದು ಸತ್ಯ ಹೇಳಿಬಿಡುತ್ತೇನೆ, ಆಮೇಲೆ ಮೋಸವಾಯಿತು ಅನ್ನಬೇಡಿ. ನಾನು ಮಾಡಿದ ಯಾವ ಸಂಯುಕ್ತವೂ ಯಾವ ಔಷಧಿ ಅಂಗಡಿಯನ್ನೂ ತಲುಪಲಿಲ್ಲ. ಈ ಕಸುಬಿನಲ್ಲಿ ಬಹುತೇಕರ ಗತಿ ಅದೇ. ಪರೀಕ್ಷೆಯ ತಟ್ಟೆಯಲ್ಲಿ ರೋಗಾಣುವನ್ನು ಕೊಲ್ಲುವುದು ಸುಲಭ, ಅಡುಗೆ ಉಪ್ಪು ಸುರಿದರೂ ಎಷ್ಟೋ ಸಾಯುತ್ತವೆ. ಮನುಷ್ಯನನ್ನು ಉಳಿಸಿಕೊಂಡು ರೋಗಾಣುವನ್ನು ಮಾತ್ರ ಕೊಲ್ಲುವುದು ಕಷ್ಟ. ಹಾಗಿದ್ದೂ ನಾನು ಪ್ರತಿದಿನ ಖುಷಿಯಿಂದ ಪ್ರಯೋಗಾಲಯದ ಬೀಗ ತೆಗೆದಿದ್ದೇನೆ, ಇದರಲ್ಲಿ ಸುಳ್ಳಿಲ್ಲ.

ನಾನು ಹುಟ್ಟಿದ್ದು ತುಮರಿ ಕಡೆ. ಓದಿಗೆ ಲಾಂಚಿನಲ್ಲಿ ಹಿನ್ನೀರು ದಾಟಿ ಬಂದವಳು. ಈಗ ಸೇತುವೆ ಆಗಿದೆ, ಆಗ ಲಾಂಚು ತಪ್ಪಿದರೆ ಆ ದಿನದ ಪಾಠವೂ ತಪ್ಪುತ್ತಿತ್ತು. ವಿಶ್ವವಿದ್ಯಾಲಯಕ್ಕೆ ಸಂಶೋಧನೆಗೆ ಸೇರಿದಾಗ ನನಗೆ ಸಿಕ್ಕ ಗೈಡು ಮಹಾ ಮುಂಗೋಪಿ. ಅವರು ಯಾರನ್ನಾದರೂ ಹೊಗಳಿದ್ದನ್ನು ಕಂಡವರಿಲ್ಲ. ತುಂಬಾ ಖುಷಿಯಾದರೆ "ಹೂಂ" ಎನ್ನುತ್ತಿದ್ದರು, ಖುಷಿಯಾಗದಿದ್ದರೂ "ಹೂಂ". ಎರಡಕ್ಕೂ ಇದ್ದ ವ್ಯತ್ಯಾಸ ಕಲಿಯಲು ನನಗೆ ಒಂದು ವರ್ಷ ಬೇಕಾಯಿತು.

ನನ್ನ ಮೊದಲ ಸಂಯುಕ್ತವನ್ನು ಸಣ್ಣ ಸೀಸೆಯಲ್ಲಿ ಹಾಕಿಕೊಂಡು, ಮದುವಣಗಿತ್ತಿಯ ಹಾಗೆ ಅವರ ಮೇಜಿನ ಮುಂದೆ ನಿಂತೆ.

"ಏನಮ್ಮ ಇದು?"

"ಕೋಬಾಲ್ಟ್ ಸಂಯುಕ್ತ ಸರ್."

"ಕೋಬಾಲ್ಟ್ ಅಂತ ನಿನಗೆ ಯಾರು ಹೇಳಿದ್ದು?"

"ನಾನೇ ಹಾಕಿದ್ದು ಸರ್."

"ನೀನು ಹಾಕಿದ್ದು ನನಗೂ ಗೊತ್ತು. ಒಳಗೆ ಹೋಗಿ ಕೂತಿದೆ ಅಂತ ಯಾರು ಹೇಳಿದ್ದು? ಮೊದಲು ಬಣ್ಣ ಹೇಳು. ಹೆಸರು ಆಮೇಲೆ."

ನಾನು ಸೀಸೆ ಎತ್ತಿ ನೋಡಿ "ಕಂದು" ಎಂದೆ. ಅವರು ಅದನ್ನು ಕಿಟಕಿಯ ಹತ್ತಿರ ಒಯ್ದು, ಹಿಂದೆ ಬಿಳಿ ಕಾಗದ ಹಿಡಿದು, ಬಹಳ ಹೊತ್ತು ನೋಡಿ "ಹೂಂ" ಎಂದರು. ಅದು ಖುಷಿಯ ಹೂಂ ಆಗಿರಲಿಲ್ಲ. ಪರೀಕ್ಷೆ ಮಾಡಿದಾಗ ಒಳಗೆ ಕೋಬಾಲ್ಟ್ ಎಷ್ಟು ಬೇಕೋ ಅದರ ಅರ್ಧವೂ ಇರಲಿಲ್ಲ. ಅವರ ಬಾಯಿಂದ "ಹೆಸರು ಆಮೇಲೆ" ಎಂಬ ಮಾತನ್ನು ನಾನು ಸಂಶೋಧನೆ ಮುಗಿಸುವವರೆಗೆ ಕೇಳಿದೆ. ಆಮೇಲೆ ನನಗೂ ಅದೇ ಚಟ ಅಂಟಿತು.

ಸಾಗರದ ಕಾಲೇಜಿಗೆ ಸೇರಿದ ಮೇಲೆ ಗೊತ್ತಾಯಿತು, ಪುಸ್ತಕ ಬರೆದವರು ಯಾರೂ ನಮ್ಮ ಮಳೆಗಾಲದಲ್ಲಿ ಪ್ರಯೋಗ ಮಾಡಿದವರಲ್ಲ ಎಂದು. ತೇವ ಹೀರಲೆಂದು ಗಾಜಿನ ಜಾಡಿಯಲ್ಲಿ ಇಟ್ಟ ರಾಸಾಯನಿಕ ಜೂನ್ ತಿಂಗಳಲ್ಲಿ ತಾನೇ ನೀರಾಗಿ ಕೂತಿರುತ್ತಿತ್ತು. ಹರಳು ಕಟ್ಟಬೇಕಾದ ಸಂಯುಕ್ತ ರಾಗಿ ಗಂಜಿಯ ಹಾಗೆ ತಳ ಹಿಡಿಯುತ್ತಿತ್ತು. ನಾವು ಹರಳಿನ ಕೆಲಸವನ್ನೆಲ್ಲ ದೀಪಾವಳಿಯಿಂದ ಯುಗಾದಿಯೊಳಗೆ ಮುಗಿಸಿ, ಮಳೆಗಾಲಕ್ಕೆ ಪುಡಿಯ ಕೆಲಸ ಇಟ್ಟುಕೊಳ್ಳುವುದನ್ನು ಕಲಿತೆವು. ಹೊರಗಿನಿಂದ ಬಂದ ತಜ್ಞರೊಬ್ಬರು ಇದೇನು ಪದ್ಧತಿ ಎಂದು ನಕ್ಕರು. ಅವರು ಬಂದಿದ್ದು ಜನವರಿಯಲ್ಲಿ. ಜುಲೈನಲ್ಲಿ ಬನ್ನಿ, ನಿಮ್ಮ ಸೂಟಿನ ಮೇಲೂ ಬೂಷ್ಟು ಬರುತ್ತದೆ ಎಂದೆ. ಪ್ರಿನ್ಸಿಪಾಲರು ನನ್ನನ್ನು ಕಣ್ಣಲ್ಲೇ ಗದರಿದರು.

ಕ್ಯಾನ್ಸರ್ ಕೋಶದ ಮೇಲೆ ಪರೀಕ್ಷೆ ಮಾಡುವ ಸೌಲಭ್ಯ ನಮ್ಮಲ್ಲಿ ಇರಲಿಲ್ಲ. ಘಟ್ಟದ ಕೆಳಗಿನ ಒಂದು ಪ್ರಯೋಗಾಲಯಕ್ಕೆ ಒಯ್ಯಬೇಕಿತ್ತು. ಕೆಲವು ಸಂಯುಕ್ತಗಳು ಬಿಸಿ ತಡೆಯುವುದಿಲ್ಲ, ಹಾಗಾಗಿ ಐಸ್ ತುಂಬಿದ ಬಿಳಿ ಥರ್ಮೋಕೋಲ್ ಡಬ್ಬದಲ್ಲಿ ಇಟ್ಟುಕೊಂಡು ತೀರ್ಥಹಳ್ಳಿಗೆ ಹೋಗಿ, ಅಲ್ಲಿಂದ ಆಗುಂಬೆ ಘಾಟಿ ಇಳಿಯುವ ಬಸ್ಸು ಹತ್ತುತ್ತಿದ್ದೆ. ಮೊದಲ ಸಲ ಕಂಡಕ್ಟರ್ ನನ್ನನ್ನೂ ಡಬ್ಬವನ್ನೂ ನೋಡಿ, "ಅಮ್ಮ, ಮೀನು ಮೇಲೆ ಟಾಪಿಗೆ ಹಾಕ್ಬೇಕು" ಎಂದ.

"ಮೀನಲ್ಲಪ್ಪ, ಔಷಧಿ."

"ಔಷಧಿನಾ? ಅದಂತೂ ಟಾಪಿಗೇ. ವಾಸ್ನೆ ಹೊಡೀತದೆ."

ಪಕ್ಕದಲ್ಲಿ ಕೂತಿದ್ದವರೊಬ್ಬರು ನನ್ನ ಪರ ವಹಿಸಿದರು. "ಅಲ್ಲ ಮಾರಾಯ, ಐಸಲ್ಲಿ ಇಡೋ ಔಷಧಿ ಅಂದ್ರೆ ಹೊಸದು ಬಂದಿರ್ಬೇಕು. ಕೊಳೆಗೆ ಹೇಗೆ ಮೇಡಂ ಇದು? ಎಷ್ಟು ಸಲ ಹೊಡೀಬೇಕು?" ಎಂದು ಕೇಳಿದರು. ಘಾಟಿಯ ಬುಡದ ಸೋಮೇಶ್ವರ ಬರುವವರೆಗೂ ಅವರಿಗೆ ಕ್ಯಾನ್ಸರ್ ಕೋಶ ಎಂದರೇನು ಎಂದು ವಿವರಿಸಿದೆ. ಇಳಿಯುವಾಗ ಅವರು ಬಹಳ ಗೌರವದಿಂದ, "ಆಯ್ತು ಮೇಡಂ, ಅಡಿಕೆಗೆ ಬಂದ ಮೇಲೆ ಹೇಳಿ" ಎಂದು ಊರಿನ ಹೆಸರು ಕೊಟ್ಟು ಹೋದರು.

ಕೆಲಸದ ರೀತಿ ನನ್ನ ಕಣ್ಣೆದುರೇ ಬದಲಾಯಿತು. ಮೊದಲು ಸಂಯುಕ್ತವನ್ನು ಪೊಟ್ಟಣ ಕಟ್ಟಿ ದೊಡ್ಡ ಸಂಸ್ಥೆಗಳಿಗೆ ಅಂಚೆಯಲ್ಲಿ ಕಳಿಸಿ, ಅದರ ರಚನೆ ತಿಳಿಯಲು ತಿಂಗಳುಗಟ್ಟಲೆ ಕಾಯುತ್ತಿದ್ದೆವು. ಈಗಿನ ಮಕ್ಕಳು ಮೊದಲು ಕಂಪ್ಯೂಟರ್ ಪರದೆಯ ಮೇಲೆ ಸಂಯುಕ್ತ ಕಟ್ಟಿ, ಅದು ರೋಗಾಣುವಿನ ಯಾವ ಸಂದಿಯಲ್ಲಿ ಹೋಗಿ ಕೂರುತ್ತದೆ ಎಂದು ನೋಡಿಕೊಂಡು, ಆಮೇಲೆ ಕೈ ಒದ್ದೆ ಮಾಡುತ್ತಾರೆ. ನನಗೆ ಇದು ತುಂಬಾ ಇಷ್ಟ. ಹಳೆಯ ಕಾಲವೇ ಚೆನ್ನಾಗಿತ್ತು ಅನ್ನುವ ಜಾತಿಯವಳಲ್ಲ ನಾನು. ಒಂದೇ ಒಂದು ತಕರಾರು, ಪರದೆಯ ಮೇಲಿನ ಸತು ಯಾವಾಗಲೂ ಶುದ್ಧ ಸತುವೇ ಆಗಿರುತ್ತದೆ. ಸೀಸೆಯೊಳಗಿನದ್ದು ಹಾಗಲ್ಲ.

ಈಗ ಪುಷ್ಪಾಳ ಕಥೆಗೆ ಬರುತ್ತೇನೆ.

ಪುಷ್ಪಾ ತೀರ್ಥಹಳ್ಳಿಯವಳು. ಅಲ್ಲಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡುತ್ತ, ವಾರದ ಉಳಿದ ದಿನ ಸಾಗರಕ್ಕೆ ಬಂದು ನನ್ನ ಹತ್ತಿರ ಸಂಶೋಧನೆ ಮಾಡುತ್ತಿದ್ದಳು. ಮಾತು ಪಟಪಟ, ಕೈಯೂ ಪಟಪಟ. ಅವಳು ತೊಳೆದ ಗಾಜಿನ ಸಾಮಾನು ನೋಡಿದರೆ ನಮ್ಮ ಮನೆಯ ಪಾತ್ರೆಗಳ ಬಗ್ಗೆ ನನಗೆ ನಾಚಿಕೆಯಾಗುತ್ತಿತ್ತು. ಅವಳ ಕಾಲೇಜಿನಲ್ಲಿ ಕಾಯಂ ಹುದ್ದೆಯೊಂದು ಖಾಲಿಯಾಯಿತು. ಆಡಳಿತ ಮಂಡಳಿಯವರು ಅವಳನ್ನು ಕರೆದು, ಸಂದರ್ಶನದ ಹೊತ್ತಿಗೆ ಮಹಾಪ್ರಬಂಧ ಸಲ್ಲಿಸಿದ್ದರೆ ಹುದ್ದೆ ನಿನಗೇ ಎಂದರು. ಮನೆಯಿಂದ ನಡೆದುಹೋಗುವಷ್ಟು ಹತ್ತಿರದ ಕಾಲೇಜು, ಅವಳಿಗೆ ಪ್ರಾಣವಾದ ಪಾಠದ ಕೆಲಸ. ಅವಳು ಕುಣಿಯುವುದೊಂದು ಬಾಕಿ.

ಅವಳು ಒಂದು ಹೊಸ ವಸ್ತು ತಯಾರಿಸಿದ್ದಳು. ಏಡಿಯ ಕೊಂಡಿಯ ಹಾಗೆ ಲೋಹವನ್ನು ಎರಡೂ ಕಡೆಯಿಂದ ಹಿಡಿದುಕೊಳ್ಳುವ ವಸ್ತು ಅದು, ನಾವು ಅದನ್ನು ಕೊಂಡಿ ಎಂದೇ ಕರೆಯುತ್ತಿದ್ದೆವು. ಕೊಂಡಿಗೆ ತಾಮ್ರ ಹಿಡಿಸಿದರೆ ಒಂದು ಸಂಯುಕ್ತ, ನಿಕಲ್ ಹಿಡಿಸಿದರೆ ಇನ್ನೊಂದು, ಸತು ಹಿಡಿಸಿದರೆ ಮತ್ತೊಂದು. ರೋಗಾಣು ಬೆಳೆಸಿದ ತಟ್ಟೆಯಲ್ಲಿ ಇವುಗಳ ಹನಿ ಇಟ್ಟು ಯಾವುದರ ಸುತ್ತ ಎಷ್ಟು ಅಗಲಕ್ಕೆ ರೋಗಾಣು ಸತ್ತಿದೆ ಎಂದು ಅಳೆಯುವುದು. ತಾಮ್ರದ್ದು ಗೆಲ್ಲುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಆದರೆ ಆ ಮಳೆಗಾಲದಲ್ಲಿ ಅವಳು ಮಾಡಿದ ಸತುವಿನ ಸಂಯುಕ್ತ ತಾಮ್ರದ್ದಕ್ಕೆ ಸರಿಸಮವಾಗಿ ನಿಂತುಬಿಟ್ಟಿತು. ಸತು ದೇಹಕ್ಕೆ ಸೌಮ್ಯವಾದ ಲೋಹ, ತಾಮ್ರ ಹೆಚ್ಚಾದರೆ ವಿಷ. ಸೌಮ್ಯವಾದದ್ದೇ ಇಷ್ಟು ಜೋರು ಕೆಲಸ ಮಾಡಿದರೆ ಇನ್ನೇನು ಬೇಕು? ನಾವು ಲೇಖನ ಬರೆದು ಕಳಿಸಿದೆವು. ಪತ್ರಿಕೆಯವರು ಒಪ್ಪಿಕೊಂಡರು. ಪುಷ್ಪಾ ಇಡೀ ವಿಭಾಗಕ್ಕೆ ಜಿಲೇಬಿ ಹಂಚಿದಳು. ಪ್ರಿನ್ಸಿಪಾಲರು ಊರಿನ ದಿನಪತ್ರಿಕೆಗೆ ಸುದ್ದಿ ಕೊಟ್ಟರು. 'ಸಾಗರದಲ್ಲಿ ಹೊಸ ಔಷಧಿ' ಎಂದು ಅಚ್ಚಾಯಿತು. ಮರುದಿನ ಮಹಾಬಲಣ್ಣ ಎರಡು ಕೊಡ ಹಿಡಿದುಕೊಂಡು ನಮ್ಮ ಗೇಟಿನ ಮುಂದೆ ನಿಂತಿದ್ದರು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಪುಷ್ಪಾ ನನ್ನ ಕೋಣೆಗೆ ಬಂದಳು. ಕೈಯಲ್ಲಿ ಎರಡು ಸೀಸೆ, ಒಂದು ಮಳೆಗಾಲದ್ದು, ಒಂದು ಹೊಸದು. ಮುಖ ನೋಡಿದರೆ ಯಾರೋ ತೀರಿಕೊಂಡ ಹಾಗಿತ್ತು.

"ಎಂತ ಆಯ್ತೇ?"

"ಸತುವಿಂದು ಮತ್ತೆ ಮಾಡ್ದೆ ಮೇಡಂ. ಹರಳು ತೆಗೀಬೇಕಲ್ಲ ಅಂತ. ಇದು ಏನೂ ಕೊಲ್ತಿಲ್ಲ. ಇನ್ನೊಂದ್ಸಲ ಮಾಡ್ದೆ, ಅದೂ ಇಲ್ಲ."

"ಎರಡೂ ಇಲ್ಲಿ ಕೊಡು."

ಕಿಟಕಿಯ ಹತ್ತಿರ ಹೋಗಿ ಹಿಂದೆ ಬಿಳಿ ಕಾಗದ ಹಿಡಿದೆ. ಈಗ ಮಾಡಿದ್ದು ಹಾಲಿನ ಹಾಗೆ ಬಿಳಿ. ಮಳೆಗಾಲದ್ದು ಅದೊಂದನ್ನೇ ನೋಡಿದರೆ ಬಿಳಿ, ಪಕ್ಕದಲ್ಲಿಟ್ಟರೆ ಬಿಳಿ ಅಲ್ಲ. ಏನೋ ಒಂದು ಛಾಯೆ ಇತ್ತು.

"ಇದರ ಬಣ್ಣ ಏನು?" ಎಂದೆ.

ಅವಳು ಪರೀಕ್ಷೆಯ ಕೊಳವೆ ತರಲು ಹೊರಟಳು. ಅವಳಿಗೆ ಆಗಲೇ ಗೊತ್ತಾಗಿತ್ತು ಎಂದು ನನಗೂ ಗೊತ್ತಾಯಿತು.

ಮಳೆಗಾಲದ ಸಂಯುಕ್ತವನ್ನು ಚಿಟಿಕೆಯಷ್ಟು ತೆಗೆದು, ಆಮ್ಲ ಹಾಕಿ ಕುದಿಸಿ, ಅಮೋನಿಯಾ ಹನಿಸಿದೆವು. ಒಳಗೆ ಬರೀ ಸತು ಇದ್ದಿದ್ದರೆ ಕೊನೆಗೆ ನೀರಿನ ಹಾಗೆ ತಿಳಿಯಾಗಬೇಕು. ನಮ್ಮ ಕೊಳವೆ ಮೆಲ್ಲಗೆ ನೀಲಿಯಾಯಿತು. ಆ ನೀಲಿ ಪಿಯುಸಿ ಮಕ್ಕಳಿಗೂ ಗೊತ್ತು. ತಾಮ್ರ. ಅವಳ ಕೊಂಡಿ ಸತುವನ್ನು ಬಿಟ್ಟು ಎಲ್ಲಿಂದಲೋ ಬಂದ ತಾಮ್ರವನ್ನು ಹಿಡಿದು ಕೂತಿತ್ತು.

"ನಾನು ಎಲ್ಲ ತೊಳೆದಿದ್ದೆ ಮೇಡಂ. ಎಲ್ಲ."

"ನೀನು ತೊಳೆದಿರ್ತೀಯ, ಅದು ಬೇಡ. ತಾಮ್ರ ಎಲ್ಲಿಂದ ಬಂತು ಅದನ್ನ ನೋಡೋಣ."

ಸತುವಿನ ಡಬ್ಬಿ ನೋಡಿದೆವು, ಶುದ್ಧ. ಮದ್ಯಸಾರ ಶುದ್ಧ. ಉಳಿದದ್ದು ಭಟ್ಟಿ ಇಳಿಸಿದ ನೀರು. ಇಲ್ಲಿ ನಮ್ಮ ಪ್ರಿನ್ಸಿಪಾಲರ ಕನ್ನಡಾಭಿಮಾನದ ಬಗ್ಗೆ ಒಂದು ಮಾತು ಹೇಳಬೇಕು. ಹಿಂದಿನ ರಾಜ್ಯೋತ್ಸವದ ದಿನ ಅವರು ಕಾಲೇಜಿನ ಪ್ರತಿಯೊಂದು ಬೋರ್ಡೂ, ಪ್ರತಿಯೊಂದು ಚೀಟಿಯೂ ಕನ್ನಡದಲ್ಲೇ ಇರಬೇಕೆಂದು ಆದೇಶ ಹೊರಡಿಸಿದ್ದರು. ಒಳ್ಳೆಯದೇ, ನಾನೂ ಚಪ್ಪಾಳೆ ತಟ್ಟಿದ್ದೆ. ಪೇಂಟರ್ ಬಂದು ಎಲ್ಲದರ ಮೇಲೂ ಬರೆದ. ಸಂಶೋಧನೆಯ ನೀರು ತುಂಬಿಡುವ ದೊಡ್ಡ ಪ್ಲಾಸ್ಟಿಕ್ ಕ್ಯಾನಿನ ಮೇಲೆ, ಬಿಎಸ್ಸಿ ಮಕ್ಕಳು ಅದನ್ನು ಮುಟ್ಟದಿರಲಿ ಎಂದು, ಪ್ರಿನ್ಸಿಪಾಲರೇ ಪದ ಆರಿಸಿ ಬರೆಸಿದ್ದರು. ಕೆಂಪಕ್ಷರದಲ್ಲಿ, ದಪ್ಪಗೆ, 'ಔಷಧಿಗೆ ಮಾತ್ರ'.

ಆ ಕ್ಯಾನಿನ ಮುಚ್ಚಳ ತಿರುಗಿಸಿ ತೆಗೆದೆ. ಮಳೆಗಾಲದ ನಂತರ ಎಷ್ಟೋ ಸಲ ನೀರು ತುಂಬಿ ಖಾಲಿಯಾಗಿ ಕ್ಯಾನಿನೊಳಗೆ ಏನೂ ಉಳಿದಿರಲಿಲ್ಲ, ಆದರೆ ಮುಚ್ಚಳದ ಒಳಗಿನ ಸುತ್ತುಗಳಲ್ಲಿ ನೀಲಿ ಹರಳು ಸಾಲಾಗಿ ಅಂಟಿಕೊಂಡಿತ್ತು. ಮಲೆನಾಡಿನಲ್ಲಿ ಹುಟ್ಟಿದವರಿಗೆ ಅದನ್ನು ಪರೀಕ್ಷಿಸುವ ಅಗತ್ಯ ಇಲ್ಲ. ಮೈಲುತುತ್ತ.

ನಮ್ಮ ಕಾಲೇಜಿನ ಹಿಂದೆ ದಾನಿಗಳು ಕೊಟ್ಟ ಸಣ್ಣ ಅಡಿಕೆ ತೋಟ ಇತ್ತು. ಅದರ ಉಸ್ತುವಾರಿ ಕಚೇರಿಯ ಸೂಪರಿಂಟೆಂಡೆಂಟ್ ಗಣಪತಿಯವರದ್ದು. ಹೊಸನಗರದ ಕಡೆಯವರು, ಫೈಲಿಗಿಂತ ತೋಟದ ಮೇಲೆ ಹೆಚ್ಚು ಪ್ರೀತಿ. ಅವರನ್ನು ಕರೆಸಿ ಕ್ಯಾನು ತೋರಿಸಿದೆ.

"ಗಣಪತಿಯವರೇ, ಮಳೆಗಾಲದಲ್ಲಿ ಈ ಕ್ಯಾನು ಯಾರಾದ್ರೂ ತಗೊಂಡಿದ್ರಾ?"

"ನಾನೇ ತಗೊಂಡಿದ್ದು ಮೇಡಂ. ತೋಟಕ್ಕೆ ಔಷಧಿ ಹೊಡ್ಸೋಕೆ. ತುತ್ತ ಕರಗ್ಸೋಕೆ ಕಬ್ಬಿಣದ ಪಾತ್ರೆ ಆಗಲ್ಲ ನೋಡಿ, ಪ್ಲಾಸ್ಟಿಕ್ಕೇ ಬೇಕು. ಹುಡುಕ್ತಾ ಬಂದ್ರೆ ಇಲ್ಲಿತ್ತು."

"ನನ್ನ ಕೇಳಬಾರ್ದಿತ್ತಾ?"

ಗಣಪತಿಯವರಿಗೆ ನಿಜವಾಗಿ ಆಶ್ಚರ್ಯವಾಯಿತು. ಕ್ಯಾನಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದುವ ಹಾಗೆ ತೋರಿಸಿದರು. "ಅಲ್ಲ ಮೇಡಂ, ಔಷಧಿಗೆ ಮಾತ್ರ ಅಂತ ಬರ್ದಿದೆಯಲ್ಲ. ಪ್ರಿನ್ಸಿಪಾಲ್ರು ತೋಟಕ್ಕೆ ಅಂತ್ಲೇ ತರ್ಸಿದಾರೆ ಅಂದ್ಕೊಂಡೆ. ನಾವೂ ಔಷಧಿಗೆ ಮಾತ್ರಾನೇ ಬಳ್ಸಿದ್ದು. ಸುಣ್ಣ ಕೂಡ ಇದ್ರಲ್ಲಿ ಕಲ್ಸಿಲ್ಲ, ಅದಕ್ಕೆ ಬೇರೆ ಡ್ರಮ್ಮು. ಆಮೇಲೆ ತೊಳ್ದು, ಇದ್ದ ಜಾಗದಲ್ಲೇ ಇಟ್ಟಿದೀನಿ."

ನಾನು ಪುಷ್ಪಾಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಮೊದಲು ಯಾರು ನಕ್ಕರೋ ನೆನಪಿಲ್ಲ. ಇಬ್ಬರೂ ಮೇಜು ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕೆವು. ಗಣಪತಿಯವರು ತಾವು ಏನು ತಮಾಷೆ ಹೇಳಿದೆವು ಎಂದು ತಿಳಿಯದೆ ತಾವೂ ಸ್ವಲ್ಪ ನಕ್ಕು ಹೋದರು. ಅವರು ಹೋದ ಮೇಲೆ ಪುಷ್ಪಾಳ ನಗು ಅಳುವಾಯಿತು. ಸ್ಟೂಲಿನ ಮೇಲೆ ಕೂತು ಬಿಕ್ಕಿದಳು. ಮಹಾಪ್ರಬಂಧದ ಕೊನೆಯ ಅಧ್ಯಾಯ ಪೂರ್ತಿ ಸತುವಿನ ಮೇಲೆ ನಿಂತಿತ್ತು. ಅದು ಬಿದ್ದರೆ ಸಂದರ್ಶನದ ಹೊತ್ತಿಗೆ ಸಲ್ಲಿಸಲು ಸಾಧ್ಯವಿರಲಿಲ್ಲ. ಸಲ್ಲಿಸದಿದ್ದರೆ ಹುದ್ದೆ ಇನ್ನೊಬ್ಬರದ್ದು. ಅವಳ ತಲೆ ಸವರಿ ಕಾಫಿ ಮಾಡಿಕೊಟ್ಟೆ, ಬೇರೇನೂ ಮಾಡಲು ತೋಚಲಿಲ್ಲ.

ವಿಷಯ ಪ್ರಿನ್ಸಿಪಾಲರಿಗೆ ಹೇಳಲೇಬೇಕಾಯಿತು. ಅವರು ಕೆಟ್ಟ ಮನುಷ್ಯರಲ್ಲ, ಕಾಲೇಜಿನ ಹೆಸರು ಎಂದರೆ ಸ್ವಲ್ಪ ಮೈಮರೆಯುತ್ತಿದ್ದರು ಅಷ್ಟೆ. ಬಾಗಿಲು ಹಾಕಿ ಮೆಲ್ಲಗೆ ಮಾತಾಡಿದರು.

"ನೋಡಮ್ಮ ಪುಷ್ಪಾ, ಲೇಖನ ಒಪ್ಪಿಯಾಗಿದೆ. ಪೇಪರಲ್ಲೂ ಬಂದಿದೆ. ನೀನು ಮಾಡಿದ್ದು ಸುಳ್ಳಲ್ಲ, ತಟ್ಟೆಯಲ್ಲಿ ರೋಗಾಣು ಸತ್ತಿದ್ದು ನಿಜ. ಸುಮ್ಮನೆ ಸಲ್ಲಿಸು, ಹುದ್ದೆಗೆ ಸೇರು. ಆಮೇಲೆ ಬೇಕಾದ್ರೆ ನಿಧಾನಕ್ಕೆ ತಿದ್ದುಪಡಿ ಬರೆದ್ರಾಯ್ತು. ಇದನ್ನ ಯಾರು ಕೂತು ಮತ್ತೆ ಮಾಡಿ ನೋಡ್ತಾರೆ?"

ನಾನು ಬಾಯಿ ತೆರೆಯುವವಳಿದ್ದೆ. ಪುಷ್ಪಾ ಕೈ ಸನ್ನೆ ಮಾಡಿ ತಡೆದಳು.

"ಯಾರಾದ್ರೂ ಮಾಡಿ ನೋಡ್ತಾರೆ ಸರ್. ನನ್ನ ಹಾಗೇ ಯಾವ್ದೋ ಊರಲ್ಲಿ ಇನ್ನೊಬ್ಳು ಇರ್ತಾಳೆ. ನನ್ನ ಲೇಖನ ನಂಬ್ಕೊಂಡು ಸತು ಹಾಕಿ ಹಾಕಿ ಅವಳ ವರ್ಷ ಹಾಳಾಗ್ತದೆ. ಅವಳ ಕ್ಯಾನಲ್ಲಿ ತುತ್ತ ಇರಲ್ವಲ್ಲ."

ಪ್ರಿನ್ಸಿಪಾಲರು ಎದ್ದು ಹೋಗಿ ಬಾಗಿಲು ತೆರೆದರು. ನನ್ನ ಗೈಡು ಅಲ್ಲಿ ಇದ್ದಿದ್ದರೆ "ಹೂಂ" ಅನ್ನುತ್ತಿದ್ದರು. ಯಾವ ಹೂಂ ಎಂದು ನನಗೆ ಗೊತ್ತಿತ್ತು.

ಅವಳೇ ಪತ್ರಿಕೆಗೆ ಬರೆದು ಲೇಖನ ವಾಪಸ್ಸು ಪಡೆದಳು. ತೀರ್ಥಹಳ್ಳಿಯ ಆಡಳಿತ ಮಂಡಳಿಯ ಮುಂದೆ ಹೋಗಿ, ಪ್ರಬಂಧ ಈ ವರ್ಷ ಆಗುವುದಿಲ್ಲ ಎಂದು ಕಾರಣ ಸಮೇತ ಹೇಳಿದಳು. ಕಾರ್ಯದರ್ಶಿಯವರಿಗೂ ಅಡಿಕೆ ತೋಟ ಇತ್ತಂತೆ, ಕ್ಯಾನಿನ ಕಥೆ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರಂತೆ. ನಕ್ಕು, ಹುದ್ದೆಯನ್ನು ಬೇರೆಯವರಿಗೆ ಕೊಟ್ಟರು. ನಿಯಮ ಹಾಗಿತ್ತು, ಅವರನ್ನು ದೂರುವ ಹಾಗಿಲ್ಲ.

ಆಮೇಲಿನ ಕೆಲವು ವಾರ ಪುಷ್ಪಾ ಸಾಗರಕ್ಕೆ ಬರಲಿಲ್ಲ. ಬರುತ್ತಾಳೋ ಇಲ್ಲವೋ ಎಂದು ನನಗೆ ದಿಗಿಲಾಗಿತ್ತು. ಒಂದು ಸೋಮವಾರ ಏನೂ ಆಗದವಳ ಹಾಗೆ ಬಂದು ಏಪ್ರನ್ ಹಾಕಿಕೊಂಡಳು.

"ಮೇಡಂ, ಒಂದು ವಿಷಯ ತಲೆ ತಿಂತಾ ಇದೆ. ಕ್ಯಾನ್ ತೊಳೆದ ಮೇಲೆ ಉಳಿದ ತುತ್ತ ಎಷ್ಟಿರ್ಬಹುದು? ಚೂರು. ನಾನು ಹಾಕಿದ ಸತು ರಾಶಿ. ಆದ್ರೂ ಕೊಂಡಿ ಆ ರಾಶಿ ಬಿಟ್ಟು ಈ ಚೂರನ್ನೇ ಯಾಕೆ ಹುಡ್ಕಿ ಹಿಡೀತು?"

ನಾನು ಕನ್ನಡಕ ತೆಗೆದು ಕೆಳಗಿಟ್ಟೆ. ತಾಮ್ರ ಸತುವನ್ನು ತಳ್ಳಿ ಜಾಗ ಹಿಡಿಯುವುದು ಹೊಸ ವಿಷಯವಲ್ಲ, ನಮ್ಮ ಕಸುಬಿನ ಎಲ್ಲರಿಗೂ ಗೊತ್ತು. ಆದರೆ ಇಷ್ಟು ಕಡಿಮೆ ತಾಮ್ರವನ್ನು ಇಷ್ಟು ಹಟದಿಂದ ಹುಡುಕಿ ಹಿಡಿಯುವುದು ಸಾಮಾನ್ಯವಲ್ಲ. ಯಕೃತ್ತಿನಲ್ಲಿ ತಾಮ್ರ ತುಂಬಿಕೊಂಡು ನರಳುವ ಒಂದು ಕಾಯಿಲೆ ಇದೆ, ಹುಟ್ಟಿನಿಂದಲೇ ಬರುವಂಥದ್ದು. ಅಂಥವರ ಮೈಯಿಂದ ತಾಮ್ರವನ್ನು ಹಿಡಿದು ಹೊರಗೆ ಹಾಕುವ ವಸ್ತು ಬೇಕು. ಅಷ್ಟು ವರ್ಷ ನಾವು ಲೋಹವನ್ನು ದೇಹದೊಳಗೆ ಹೇಗೆ ಕಳಿಸುವುದು ಎಂದು ತಲೆ ಕೆಡಿಸಿಕೊಂಡಿದ್ದೆವು. ಪುಷ್ಪಾ ಅದನ್ನು ತಿರುಗಿಸಿ ಹಾಕಿದಳು. ಅವಳ ಹೊಸ ಪ್ರಬಂಧ ಲೋಹವನ್ನು ಹೊರಗೆ ಹೇಗೆ ತರುವುದು ಎಂಬುದರ ಮೇಲೆ ಆಯಿತು. ತಡವಾಯಿತು, ಆದರೆ ಗಟ್ಟಿಯಾಗಿತ್ತು. ಅವಳು ಮಾಡಿದ್ದನ್ನು ಬೇರೆ ಊರಿನಲ್ಲಿ ಬೇರೆಯವರು ಮಾಡಿ ನೋಡಿದರು, ಹಾಗೆಯೇ ಬಂತು. ಈಗಲೂ ಕೆಲವರು ಅದರ ಮೇಲೆ ಕೆಲಸ ಮಾಡುತ್ತಿದ್ದಾರೆ. ಅಂಗಡಿಗೆ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಬರಲಿ ಎಂದು ಆಸೆಯಂತೂ ಇದೆ.

ಈ ವಿಷಯವನ್ನು ನಾನು ಮಹಾಬಲಣ್ಣನಿಗೂ ಹೇಳಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡು, "ಅಂದ್ರೆ ಹೊಡೆದ ಔಷಧಿನ ವಾಪಸ್ ತೆಗೆಯಕ್ಕೆ ಕಂಡುಹಿಡಿದೆ ಹೇಳು" ಎಂದರು. ಯೋಚಿಸಿ ನೋಡಿದರೆ ಅಷ್ಟು ತಪ್ಪೇನೂ ಅಲ್ಲ.

ತೀರ್ಥಹಳ್ಳಿಯ ಆ ಹುದ್ದೆಗೆ ಸೇರಿದ್ದವರು ಕೆಲವು ಕಾಲದ ನಂತರ ಸರ್ಕಾರಿ ಕಾಲೇಜಿಗೆ ಹೋದರು. ಕಾರ್ಯದರ್ಶಿಯವರು ತಾವೇ ಫೋನ್ ಮಾಡಿ, "ಆ ತುತ್ತದ ಹುಡುಗಿ ಬರ್ತಾಳಾ ಕೇಳಿ" ಎಂದರು. ಪುಷ್ಪಾ ಈಗ ಅಲ್ಲಿ ವಿಭಾಗದ ಮುಖ್ಯಸ್ಥೆ.

ಹೋದ ತಿಂಗಳು ಅವಳು ನನ್ನನ್ನು ಕರೆದಳು. "ಭಾಷಣ ಬೇಡ ಮೇಡಂ, ನನ್ನ ಮೊದಲ ಕ್ಲಾಸು ನೋಡಿ ಸಾಕು" ಎಂದಳು. ನನಗೆ ಈ ವರ್ಷ ಎರಡೂ ಕಣ್ಣಿನ ಪೊರೆ ತೆಗೆದು ಹೊಸ ಲೆನ್ಸ್ ಹಾಕಿದ್ದಾರೆ. ಬಸ್ಸಿನ ಕಿಟಕಿಯಿಂದ ಇಡೀ ದಾರಿಯನ್ನು ಮೊದಲ ಸಲ ನೋಡುವವಳ ಹಾಗೆ ನೋಡುತ್ತ ಹೋದೆ. ಅವಳ ಪ್ರಯೋಗಾಲಯದಲ್ಲಿ ನೀರಿನ ಕ್ಯಾನಿನ ಮೇಲೆ 'ಪುಷ್ಪಾ ಮೇಡಂ ಕೇಳದೆ ಮುಟ್ಟಬೇಡಿ' ಎಂದು ಬರೆದಿತ್ತು. ಅದನ್ನು ಯಾರೂ ಬೇರೆ ಅರ್ಥಕ್ಕೆ ಓದುವಂತಿಲ್ಲ.

ಹೊಸ ಮಕ್ಕಳು ಬಂದು ಕೂತರು. ನಾನು ಕೊನೆಯ ಬೆಂಚಿನಲ್ಲಿ ಕೂತೆ. ಪುಷ್ಪಾ ಒಂದು ಸಣ್ಣ ಸೀಸೆ ತೆಗೆದು ಮೊದಲ ಬೆಂಚಿಗೆ ಕೊಟ್ಟಳು. ಅದರ ಮೇಲಿನ ಹಳೆಯ ಚೀಟಿಯಲ್ಲಿ 'ಸತುವಿನ ಸಂಯುಕ್ತ' ಎಂದು ಅವಳದ್ದೇ ಅಕ್ಷರ.

"ಬಣ್ಣ ಏನು ಅಂತ ಹೇಳಿ, ಪಕ್ಕದವರಿಗೆ ದಾಟಿಸಿ" ಎಂದಳು.

ಮೊದಲನೆಯವಳು ಚೀಟಿ ಓದಿ, "ಬಿಳಿ" ಎಂದಳು. ಎರಡನೆಯವನೂ ಬಿಳಿ. ಸತುವಿನ ಸಂಯುಕ್ತ ಬಿಳಿ ಎಂದು ಎಲ್ಲರೂ ಓದಿಕೊಂಡೇ ಬಂದಿದ್ದರು. ಬಿಳಿ, ಬಿಳಿ, ಬಿಳಿ ಎನ್ನುತ್ತ ಸೀಸೆ ಬೆಂಚಿಂದ ಬೆಂಚಿಗೆ ಹಿಂದೆ ಬಂತು. ಒಬ್ಬ ಹುಡುಗಿ ಮಾತ್ರ ಕಣ್ಣು ಕಿರಿದು ಮಾಡಿ, ಏನೋ ಹೇಳಲು ಹೋಗಿ, ಗೆಳತಿಯರ ಮುಖ ನೋಡಿ ಬಿಳಿ ಎಂದಳು. ಕೊನೆಗೆ ಅದು ನನ್ನ ಕೈಗೆ ಬಂತು.

"ಮೇಡಂ, ನೀವು?" ಎಂದಳು ಪುಷ್ಪಾ.

ಕಿಟಕಿಯ ಬೆಳಕಿಗೆ ಹಿಡಿದೆ. ಚೀಟಿಯನ್ನು ನನ್ನ ಹೆಬ್ಬೆರಳು ಮುಚ್ಚಿತ್ತು. ಹೊಸ ಕಣ್ಣಿಗೆ ಅದು ಎಳೆ ಹುಲ್ಲಿನಷ್ಟು ಹಸಿರಾಗಿ ಕಂಡಿತು. ಛಾಯೆ ಗೀಯೆ ಏನಲ್ಲ, ನೇರ ಹಸಿರು.

"ಇಷ್ಟು ಹಸಿರಿತ್ತೇನೇ ಇದು?" ಎಂದೆ.

"ಆವತ್ತೂ ಇಷ್ಟೇ ಇತ್ತು ಮೇಡಂ," ಎಂದಳು ಪುಷ್ಪಾ. "ನಾವು ಚೀಟಿ ಓದ್ಕೊಂಡು ನೋಡಿದ್ದು."